ಏಳನೆಯ ಅಧ್ಯಾಯದಲ್ಲಿ ನಿಂತ ಕಾದಂಬರಿ: ಮತ್ತೆ ಬರೆಯಲು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಎಂಟು ತಿಂಗಳಿಂದ ನನ್ನ ಬರವಣಿಗೆ ಒಂದು ಸಾಲೂ ಮುಂದೆ ಹೋಗಿಲ್ಲ. ಇದಕ್ಕೂ ಮೊದಲು ಸಣ್ಣಕಥೆಗಳನ್ನು ಬರೆದಿದ್ದೇನೆ, ಕೆಲವು ಪ್ರಕಟವೂ ಆಗಿವೆ. ಆಮೇಲೆ ಹುಮ್ಮಸ್ಸಿನಿಂದ ಕಾದಂಬರಿ ಶುರು ಮಾಡಿದೆ. ಆರು ಅಧ್ಯಾಯ ಸರಾಗವಾಗಿ ಬಂದವು. ಏಳನೆಯದರಲ್ಲಿ, ತಂದೆ ತೀರಿಕೊಂಡ ಮೇಲೆ ಅಕ್ಕ ಮತ್ತು ತಮ್ಮ ಮನೆಯ ಪಾಲಿನ ಬಗ್ಗೆ ಮಾತಾಡಲು ಕೂರುವ ದೃಶ್ಯಕ್ಕೆ ಬಂದು ನಿಂತುಬಿಟ್ಟೆ. ಕೆಲಸ ಮುಗಿಸಿ ಬಂದು ರಾತ್ರಿ ಲ್ಯಾಪ್‌ಟಾಪ್ ತೆಗೆಯುತ್ತಿದ್ದೆ, ಮೊದಲ ಅಧ್ಯಾಯವನ್ನೇ ಮತ್ತೆ ತಿದ್ದಿ ಮುಚ್ಚಿಡುತ್ತಿದ್ದೆ. ಈಗೀಗ ತೆಗೆಯುವುದೂ ಇಲ್ಲ. ಬೇರೆಯವರ ಒಳ್ಳೆಯ ಪುಸ್ತಕ ಓದಿದರೆ ಇನ್ನಷ್ಟು ಕುಗ್ಗುತ್ತೇನೆ. ಬರೆಯುವ ಆಸೆಯೇ ನನ್ನಲ್ಲಿ ಬತ್ತಿಹೋಯಿತೇ? ಸ್ಫೂರ್ತಿ ಬರುವವರೆಗೆ ಕಾಯಲೇ, ಕಾದಂಬರಿಯನ್ನು ಕೈಬಿಡಲೇ?

ಉತ್ತರ: ಕಾಯುವುದೂ ಬೇಡ, ಕೈಬಿಡುವ ತೀರ್ಮಾನವನ್ನು ಈಗಲೇ ಮಾಡುವುದೂ ಬೇಡ. ನಿಮ್ಮ ಪತ್ರದಲ್ಲಿ ಮೂರು ತೊಂದರೆಗಳಿವೆ, ಅವು ಒಂದರ ಹಿಂದೊಂದು ಬಂದಿವೆ. ಮೊದಲು ಕಥೆಯಲ್ಲಿ ಗಂಟು ಬಿತ್ತು: ಅಕ್ಕ ತಮ್ಮನ ದೃಶ್ಯ. ಅದನ್ನು ಬಿಡಿಸಲಾಗದೆ, ಆಗಲೇ ಚೆನ್ನಾಗಿದ್ದ ಮೊದಲ ಅಧ್ಯಾಯಕ್ಕೆ ಹಿಂತಿರುಗಿ ತಿದ್ದುವುದು ರೂಢಿಯಾಯಿತು. ದಿನವೂ ಕೂತು, ಏನೂ ಆಗದೆ ಏಳುವುದನ್ನು ತಿಂಗಳುಗಟ್ಟಲೆ ಮಾಡಿದ ಮೇಲೆ ಲ್ಯಾಪ್‌ಟಾಪ್ ಕಂಡರೆ ಸೋಲೇ ನೆನಪಾಗುವಂತಾಯಿತು. ಆಸೆ ಹೋದದ್ದು ಎಲ್ಲಕ್ಕಿಂತ ಕೊನೆಗೆ. ಹಾಗಾಗಿ ಮೊದಲು ಆಸೆಯನ್ನು ಹುಡುಕಿಕೊಂಡು ಹೊರಟರೆ ಅದು ಸಿಗುವುದಿಲ್ಲ. ಗಂಟು ಬಿಡಿಸಬೇಕು, ರೂಢಿ ಮುರಿಯಬೇಕು. ಬರೆಯುವ ಮನಸ್ಸು ಆ ಕೆಲಸದ ಬೆನ್ನಿಗೆ ಬರುತ್ತದೆ.

‘ರೈಟರ್ಸ್ ಬ್ಲಾಕ್’ ಎಂಬ ಮಾತನ್ನು 1940ರ ದಶಕದಲ್ಲಿ ಚಲಾವಣೆಗೆ ತಂದವರು ಎಡ್ಮಂಡ್ ಬರ್ಗ್ಲರ್ ಎಂಬ ಮನೋವಿಶ್ಲೇಷಕರು. ಬರೆಯಲಾಗದ ಸ್ಥಿತಿಯ ಬೇರು ಬಾಲ್ಯದಲ್ಲಿ, ಮನಸ್ಸಿನ ಆಳದಲ್ಲೆಲ್ಲೋ ಇದೆ ಎಂಬುದು ಅವರ ವಾದ. ಆ ಹೆಸರು ಇಂದಿಗೂ ಹೆದರಿಸುತ್ತಿರುವುದಕ್ಕೆ ಇದೂ ಒಂದು ಕಾರಣ. ಯಾವುದೋ ಕಾಯಿಲೆ ಬಂದಿದೆ ಎನ್ನಿಸಿಬಿಡುತ್ತದೆ. ಆಮೇಲೆ ಬಂದ ಸಂಶೋಧಕರು ಬರೆಯುವವರನ್ನು ಬರೆಯುತ್ತಿರುವಾಗಲೇ ಗಮನಿಸಿದರು. ಲಿಂಡಾ ಫ್ಲವರ್ ಮತ್ತು ಜಾನ್ ಹೇಸ್ ಜನರಿಗೆ ಬರೆಯುತ್ತಲೇ ತಲೆಯಲ್ಲಿ ಓಡುತ್ತಿರುವುದನ್ನೆಲ್ಲ ಬಾಯಿಬಿಟ್ಟು ಹೇಳಿಸಿ, 1981ರಲ್ಲಿ ಒಂದು ಚಿತ್ರಣ ಕೊಟ್ಟರು. ಏನು ಹೇಳಬೇಕೆಂದು ಯೋಚಿಸುವುದು, ಅದನ್ನು ವಾಕ್ಯಕ್ಕೆ ಇಳಿಸುವುದು, ಬರೆದದ್ದನ್ನು ಮತ್ತೆ ನೋಡಿ ತೂಗುವುದು ಎಂಬ ಮೂರು ಬೇರೆ ಬೇರೆ ಕೆಲಸಗಳು ಬರೆಯುವಾಗ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಮೈಕ್ ರೋಸ್ 1980ರಲ್ಲಿ ಹತ್ತು ವಿದ್ಯಾರ್ಥಿಗಳನ್ನು ಹತ್ತಿರದಿಂದ ನೋಡಿದರು. ಐವರಿಗೆ ಬರವಣಿಗೆ ಸಿಕ್ಕಿಕೊಳ್ಳುತ್ತಿತ್ತು, ಐವರಿಗೆ ಇಲ್ಲ. ಎರಡು ಗುಂಪಿನ ನಡುವೆ ಕಂಡ ವ್ಯತ್ಯಾಸ ಪ್ರತಿಭೆಯದ್ದಲ್ಲ. ಸಿಕ್ಕಿಕೊಳ್ಳುವವರ ತಲೆಯಲ್ಲಿ ಬಗ್ಗದ ಕಟ್ಟಳೆಗಳಿದ್ದವು: ಶುರು ಗಟ್ಟಿಯಾಗಿ ಬರದೆ ಮುಂದೆ ಹೋಗಬಾರದು, ಪ್ರತಿ ವಾಕ್ಯವೂ ಮೊದಲ ಸಲಕ್ಕೇ ಸರಿಯಿರಬೇಕು, ಇಂಥವು.

ಇದರಿಂದ ನಿಮಗೆ ಬೇಕಾದದ್ದು ಒಂದೇ ಪ್ರಶ್ನೆ. ಯೋಚಿಸುವುದು, ವಾಕ್ಯಕ್ಕೆ ಇಳಿಸುವುದು, ಮತ್ತೆ ನೋಡಿ ತೂಗುವುದು, ಈ ಮೂರರಲ್ಲಿ ನಿಮ್ಮ ಕೈ ನಿಂತದ್ದು ಯಾವುದರಲ್ಲಿ?

ಮುಂದೇನಾಗುತ್ತದೆ ಎಂಬುದೇ ಗೊತ್ತಿಲ್ಲದಿದ್ದರೆ ಅದು ಯೋಚನೆಯ ಕೊರತೆ. ಆಗ ಖಾಲಿ ಪುಟದ ಮುಂದೆ ಎಷ್ಟು ಹೊತ್ತು ಕೂತರೂ ಪ್ರಯೋಜನವಿಲ್ಲ, ಟಿಪ್ಪಣಿ ಮಾಡಬೇಕು. ಏನಾಗುತ್ತದೆಂದು ಗೊತ್ತು, ಗೆಳೆಯರಿಗೆ ಹೇಳಬಲ್ಲಿರಿ, ಬರೆಯ ಹೊರಟರೆ ಮಾತ್ರ ವಾಕ್ಯ ಬರುವುದಿಲ್ಲ ಎಂದಾದರೆ, ಒಳಗಿನ ವಿಮರ್ಶಕ ಬೇಗ ಬಂದು ಕೂತಿದ್ದಾನೆ ಎಂದರ್ಥ. ಅದಕ್ಕೆ ಮದ್ದು ವೇಗವಾಗಿ ಒರಟಾಗಿ ಬರೆಯುವುದು. ಬರೆದಿದ್ದೀರಿ, ಅದನ್ನೇ ತಿದ್ದುತ್ತ ಮುಂದೆ ಹೋಗುತ್ತಿಲ್ಲ ಎಂದಾದರೆ, ತಿದ್ದುವುದನ್ನು ಸ್ವಲ್ಪ ಕಾಲ ಕೈಗೆಟುಕದಂತೆ ಎತ್ತಿಡಬೇಕು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಬಹಳ ಜನ ಸೋಲುವುದು ಇಲ್ಲೇ. ಕಥೆಯಲ್ಲಿ ಗಂಟಿರುವವರು ‘ಮನಸ್ಸಿಗೆ ಬಂದದ್ದು ಬರೀತಾ ಹೋಗಿ’ ಎಂಬ ಸಲಹೆ ಹಿಡಿದು ಹತ್ತು ಪುಟ ಗೀಚಿ, ಗಂಟು ಹಾಗೇ ಇರುವುದನ್ನು ಕಂಡು ಇನ್ನಷ್ಟು ಕುಗ್ಗುತ್ತಾರೆ.

ನಿಮ್ಮ ಪತ್ರ ಓದಿದರೆ ನಿಮಗಿರುವುದು ಮೊದಲನೆಯದು ಮತ್ತು ಮೂರನೆಯದು. ಸುಲಭವಾದದ್ದನ್ನು ಮೊದಲು ಮುಗಿಸಿಬಿಡೋಣ.

ಮೊದಲ ಅಧ್ಯಾಯಕ್ಕೆ ಬೀಗ

ಒಂದರಿಂದ ಆರರವರೆಗಿನ ಅಧ್ಯಾಯಗಳನ್ನು ಪಿಡಿಎಫ್ ಮಾಡಿ ಬೇರೆ ಫೋಲ್ಡರಿನಲ್ಲಿಡಿ. ಮೂಲ ಫೈಲನ್ನು ಪೆನ್‌ಡ್ರೈವಿಗೋ ಇಮೇಲಿಗೋ ಹಾಕಿ ಲ್ಯಾಪ್‌ಟಾಪಿನಿಂದ ತೆಗೆದುಬಿಡಿ. ಓದಬಹುದು, ತಿದ್ದಲಾಗಬಾರದು. ಏಳನೆಯ ಅಧ್ಯಾಯಕ್ಕೆ ಹೊಸ ಫೈಲ್ ತೆರೆಯಿರಿ. ತಿದ್ದಲೇಬೇಕಾದದ್ದು ನೆನಪಾದರೆ (ಮೂರನೆಯ ಅಧ್ಯಾಯದಲ್ಲಿ ಅಕ್ಕನ ವಯಸ್ಸು ತಪ್ಪಾಗಿದೆ, ಹೀಗೆ) ಬೇರೆ ಹಾಳೆಯಲ್ಲಿ ಒಂದು ಸಾಲು ಬರೆದಿಟ್ಟು ಮುಂದೆ ಹೋಗಿ. ಕರಡು ಮುಗಿಯುವಾಗ ಆ ಹಾಳೆಯಲ್ಲಿ ಮೂವತ್ತು ನಲವತ್ತು ಸಾಲಿರುತ್ತದೆ. ಅದರಲ್ಲಿ ಅರ್ಧದಷ್ಟಕ್ಕೆ ಆಗ ಅರ್ಥವೇ ಉಳಿದಿರುವುದಿಲ್ಲ, ಏಕೆಂದರೆ ಮುಂದಿನ ಅಧ್ಯಾಯಗಳು ಹಿಂದಿನವನ್ನು ಬದಲಿಸಿರುತ್ತವೆ.

ಬರೆಯುತ್ತಲೇ ತಿದ್ದುವುದು ಅನ್ನಕ್ಕಿಟ್ಟು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡಿದ ಹಾಗೆ. ತಿದ್ದುವುದು ಕೆಟ್ಟದ್ದೇನಲ್ಲ, ಅದಕ್ಕೆ ಬೇರೆ ಹೊತ್ತಿದೆ. ಕರಡು ಬರೆಯುವ ಹೊತ್ತಿನಲ್ಲಿ ಒತ್ತಕ್ಷರ ತಪ್ಪಿದರೂ ಹಿಂದೆ ಹೋಗಬೇಡಿ. ಬ್ಯಾಕ್‌ಸ್ಪೇಸ್ ಒತ್ತುವ ಚಟ ಬಿಡದಿದ್ದರೆ ಮೊದಲ ಮೂರು ವಾರ ಪೆನ್ನು ಹಿಡಿದೇ ಬರೆಯಿರಿ. ಹೊಡೆದು ಹಾಕಿದ ಸಾಲು ಕಾಗದದ ಮೇಲೆ ಕಣ್ಣಿಗೆ ಕಾಣುತ್ತಿರುತ್ತದೆ, ಮಾಯವಾಗುವುದಿಲ್ಲ. ಕೆಲಸ ನಡೆದಿದೆ ಎಂಬುದಕ್ಕೆ ಅದೂ ಗುರುತು.

ಗಂಟು ಇರುವುದು ಏಳರಲ್ಲಲ್ಲ, ಬಹುಶಃ ಐದರಲ್ಲಿ

ಕಾದಂಬರಿ ನಿಂತ ಜಾಗದಲ್ಲೇ ತಪ್ಪು ಇರುವುದು ಅಪರೂಪ. ಒಂದೆರಡು ಅಧ್ಯಾಯ ಹಿಂದೆ ಯಾವುದೋ ತೀರ್ಮಾನ ಆಗದೆ ಉಳಿದಿರುತ್ತದೆ, ಅದರ ಸಾಲ ಈಗ ಎದುರಾಗಿರುತ್ತದೆ. ಹುಡುಕುವ ಕ್ರಮ ಹೀಗೆ. ಒಂದು ಹಾಳೆಯನ್ನು ಅಡ್ಡಲಾಗಿ ಹಿಡಿದು ಎರಡು ಅಂಕಣ ಮಾಡಿ. ಎಡಗಡೆ ಪ್ರತಿ ಅಧ್ಯಾಯದಲ್ಲಿ ಏನು ನಡೆಯಿತು ಎಂದು ಒಂದೇ ಸಾಲಿನಲ್ಲಿ ಬರೆಯಿರಿ. ಬಲಗಡೆ, ಅದರಿಂದ ಯಾರಿಗೆ ಏನು ಬದಲಾಯಿತು ಎಂದು ಒಂದು ಸಾಲು. ಪಿಡಿಎಫ್ ಮೇಲೆ ಕಣ್ಣಾಡಿಸಿದರೆ ಸಾಕು, ಪೂರ್ತಿ ಓದಲು ಕೂರಬೇಡಿ. ಆರು ಅಧ್ಯಾಯಕ್ಕೆ ಮುಕ್ಕಾಲು ಗಂಟೆ ಸಾಕಾಗುತ್ತದೆ. ಈಗ ಬಲಗಡೆಯ ಅಂಕಣ ನೋಡಿ. ಸಾಲಾಗಿ ಎರಡು ಅಧ್ಯಾಯಕ್ಕೆ ಅಲ್ಲಿ ಏನೂ ಬರೆಯಲಾಗಲಿಲ್ಲವೆಂದರೆ, ಕಥೆ ನಿಂತದ್ದು ಅಲ್ಲಿ. ಏಳಕ್ಕೆ ಬರುವ ಹೊತ್ತಿಗೆ ಅದು ನಿಮ್ಮ ಗಮನಕ್ಕೆ ಬಂದಿದೆ ಅಷ್ಟೆ.

ಆಮೇಲೆ ದೃಶ್ಯಕ್ಕೆ ಬನ್ನಿ. ಅಕ್ಕ ತಮ್ಮ ‘ಪಾಲಿನ ಬಗ್ಗೆ ಮಾತಾಡುತ್ತಾರೆ’ ಎಂಬುದು ದೃಶ್ಯವಲ್ಲ, ವಿಷಯ. ವಿಷಯವನ್ನು ಹಿಡಿದು ಸಂಭಾಷಣೆ ಬರೆಯಲಾಗುವುದಿಲ್ಲ. ಇಬ್ಬರಿಗೂ ಮೂರು ಪ್ರಶ್ನೆ ಹಾಕಿ: ಈ ಕೋಣೆಯಲ್ಲಿ ಈ ಹೊತ್ತು ನಿನಗೆ ಬೇಕಾದದ್ದೇನು? ಎದುರಿಗಿರುವವರಿಗೆ ಗೊತ್ತಿಲ್ಲದ ಯಾವುದು ನಿನಗೆ ಗೊತ್ತು? ಬಾಯಿಬಿಟ್ಟು ಹೇಳಲಾರದ್ದು ಯಾವುದು? ಉತ್ತರ ಹೀಗೆ ಬಂತು ಎಂದಿಟ್ಟುಕೊಳ್ಳಿ: ಅಕ್ಕನಿಗೆ ಮನೆ ಬೇಕಿಲ್ಲ. ಕೊನೆಯ ಎರಡು ವರ್ಷ ಅಪ್ಪನನ್ನು ತಾನೊಬ್ಬಳೇ ನೋಡಿಕೊಂಡೆ ಎಂಬುದನ್ನು ತಮ್ಮ ಒಂದು ಸಲ ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. ತಮ್ಮನಿಗೆ ಬೇಕಿರುವುದು ದುಡ್ಡು, ಬೇಗ ಬೇಕು. ಸಾಲದ ವಿಷಯ ಹೇಳಲಾರ. ಈಗ ಪಾಲು ಎಂಬ ಮಾತೇ ಬರದೆ ದೃಶ್ಯ ಶುರುವಾಗಬಹುದು:

‘ಬೀರು ಕೀಲಿ ಎಲ್ಲಿಡ್ತಿದ್ರು ಗೊತ್ತಾ ನಿಂಗೆ?’
‘ನಂಗೆ ಹೇಗೆ ಗೊತ್ತಿರುತ್ತೆ ಅಕ್ಕ.’
‘ಹೌದು. ನಿಂಗೆ ಹೇಗೆ ಗೊತ್ತಿರುತ್ತೆ.’
[ತಮ್ಮ ಎದ್ದು ಕಿಟಕಿ ಹತ್ತಿರ ಹೋಗಬೇಕು. ಯಾಕೆ ಅಂತ ಆಮೇಲೆ]
‘ಮಾತ್ರೆ ಡಬ್ಬಿ ಒಳಗಿಡ್ತಿದ್ರು.’
[ಅಪ್ಪನ ಕಾಯಿಲೆ ಯಾವುದು? ಅಧ್ಯಾಯ 4 ನೋಡಬೇಕು]
[ಇಲ್ಲಿಂದ ಸಾಲದ ಸುಳಿವು. ಫೋನ್ ಬರುತ್ತೆ, ಕಟ್ ಮಾಡ್ತಾನೆ]

ಇದು ಒಳ್ಳೆಯ ಗದ್ಯವಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಇದರಲ್ಲಿ ಏಳನೆಯ ಅಧ್ಯಾಯ ಶುರುವಾಗಿದೆ. ಆ ಚೌಕ ಕಂಸಗಳು ಬಹಳ ಕೆಲಸ ಮಾಡುತ್ತವೆ. ಗೊತ್ತಿಲ್ಲದ್ದು ಎದುರಾದ ಕೂಡಲೇ ಬರೆಯುವುದನ್ನು ನಿಲ್ಲಿಸಿ ಇಂಟರ್ನೆಟ್ಟಿಗೆ ಹೋಗುವುದನ್ನು ತಪ್ಪಿಸುತ್ತವೆ. ಕಾಯಿಲೆಯ ಹೆಸರು ಹುಡುಕಲು ಹೋದವರು ಒಂದೂವರೆ ಗಂಟೆ ಕಳೆದು ಬರಿಗೈಯಲ್ಲಿ ಬರುವುದುಂಟು. ಕಂಸದೊಳಗೆ ಆಡುಮಾತಿನಲ್ಲೇ ಬರೆಯಿರಿ. ಅದು ಓದುಗರಿಗೆ ಹೇಳುವ ಮಾತಲ್ಲ, ನಾಳಿನ ನಿಮಗೆ ಬಿಟ್ಟ ಚೀಟಿ.

ಈ ಮೂರು ಪ್ರಶ್ನೆಗೆ ಕೂತಲ್ಲಿ ಉತ್ತರ ಬರದಿದ್ದರೆ ನಡೆಯಲು ಹೋಗಿ. 2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಮರಿಲಿ ಒಪೆಝೊ ಮತ್ತು ಡೇನಿಯಲ್ ಶ್ವಾರ್ಟ್ಝ್ ನಡೆಸಿದ ಪ್ರಯೋಗಗಳಲ್ಲಿ, ಕೂತಿದ್ದಾಗಿನದಕ್ಕಿಂತ ನಡೆಯುವಾಗ ಜನರಿಗೆ ಹೊಸ ಹೊಳಹುಗಳು ಸರಾಸರಿ ಶೇ 60ರಷ್ಟು ಹೆಚ್ಚು ಬಂದವು. ಆದರೆ ಒಂದೇ ಸರಿಯುತ್ತರ ಇರುವ ಬಗೆಯ ಪ್ರಶ್ನೆಗಳಿಗೆ ನಡಿಗೆ ಅಂಥ ಸಹಾಯ ಮಾಡಲಿಲ್ಲ. ಅಂದರೆ ‘ತಮ್ಮ ಏನೇನು ಬಚ್ಚಿಟ್ಟಿರಬಹುದು’ ಎಂಬುದಕ್ಕೆ ನಡಿಗೆ ಒಳ್ಳೆಯದು, ‘ಈ ವಾಕ್ಯ ಸರಿಯಿದೆಯೇ’ ಎಂಬುದಕ್ಕೆ ಮೇಜೇ ಒಳ್ಳೆಯದು. ಒಂದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಹೊರಡಿ, ಕಿವಿಗೆ ಇಯರ್‌ಫೋನ್ ಬೇಡ, ವಾಪಸ್ಸು ಬಂದ ಕೂಡಲೇ ಚಪ್ಪಲಿ ಬಿಟ್ಟಲ್ಲೇ ನಿಂತು ಬರೆದುಕೊಳ್ಳಿ. ಹೊಳೆದದ್ದು ಮೆಟ್ಟಿಲು ಹತ್ತುವಷ್ಟರಲ್ಲಿ ಮರೆತುಹೋಗುತ್ತದೆ.

ಅದು ನಿಮ್ಮದೇ ಮನೆಯಾಗಿದ್ದರೆ

ಇದನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಇಡೀ ಕಾದಂಬರಿಯಲ್ಲಿ ಆಸ್ತಿಯ ಮಾತುಕತೆಯ ಹತ್ತಿರವೇ ಕೈ ನಿಂತಿದೆ. ಇಂಥ ದೃಶ್ಯದ ಹಿಂದೆ ಬರೆಯುವವರ ಸ್ವಂತ ಸಾವು ನೋವು, ಸ್ವಂತ ಜಗಳ ಇರುವುದು ಸಾಮಾನ್ಯ. ಹಾಗಿದ್ದರೆ ತಡೆ ಬರುವುದು ಎರಡು ಕಡೆಯಿಂದ. ಒಂದು, ಆ ನೋವನ್ನು ಮತ್ತೆ ಮುಟ್ಟುವ ಸಂಕಟ. ಇನ್ನೊಂದು, ಅಕ್ಕನೋ ತಮ್ಮನೋ ಓದಿ ಗುರುತು ಹಿಡಿದರೆ ಎಂಬ ಭಯ. ಎರಡೂ ನಿಜವಾದ ಕಾರಣಗಳು. ಇವನ್ನು ಸೋಮಾರಿತನ ಎಂದು ಬೈದುಕೊಂಡರೆ ಇನ್ನಷ್ಟು ಬಿಗಿಯಾಗುತ್ತವೆ.

ಇದಕ್ಕೆ ಒಂದು ಬೇರೆ ದಾರಿ ಇದೆ. ಮನೋವಿಜ್ಞಾನಿ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನ ತಮ್ಮ ಬದುಕಿನ ಕಷ್ಟದ ಅನುಭವವನ್ನು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದರು. ಅದೇ ಅಳತೆಯನ್ನು ಇಟ್ಟುಕೊಳ್ಳಿ. ನಾಲ್ಕು ದಿನ, ಹದಿನೈದು ನಿಮಿಷ, ನಡೆದದ್ದನ್ನು ನಡೆದ ಹಾಗೆ, ನಿಜವಾದ ಹೆಸರುಗಳಲ್ಲೇ ಬರೆಯಿರಿ. ಇದು ಕಾದಂಬರಿಗಲ್ಲ, ಯಾರಿಗೂ ತೋರಿಸುವುದಕ್ಕಲ್ಲ. ಬರೆದ ಮೇಲೆ ಒಂದೆರಡು ಗಂಟೆ ಮನಸ್ಸು ಭಾರವಾಗಬಹುದು. ಹಾಗಾಗಿ ಮಲಗುವ ಮುಂಚೆ ಮಾತ್ರ ಇದನ್ನು ಮಾಡಬೇಡಿ. ದಿನದಿಂದ ದಿನಕ್ಕೆ ಸಂಕಟ ಹೆಚ್ಚುತ್ತಲೇ ಹೋದರೆ ನಿಲ್ಲಿಸಿ, ಸಾವು ತೀರಾ ಇತ್ತೀಚಿನದಾದರೆ ಸದ್ಯಕ್ಕೆ ಶುರುವೇ ಮಾಡಬೇಡಿ.

ನಾಲ್ಕು ದಿನ ಮುಗಿದ ಮೇಲೆ ಆ ಹಾಳೆಗಳನ್ನು ಎತ್ತಿಡಿ, ಒಂದು ವಾರ ಮುಟ್ಟಬೇಡಿ. ಆಮೇಲೆ ಕಾದಂಬರಿಯ ದೃಶ್ಯ ಬರೆಯುವಾಗ ಮೂರು ವಿಷಯ ಬದಲಿಸಿ: ಯಾರು ಯಾರಿಗಿಂತ ದೊಡ್ಡವರು, ಮಾತು ನಡೆಯುವ ಜಾಗ, ಜಗಳ ಯಾವ ವಸ್ತುವಿನ ಮೇಲೆ. ಈ ಮೂರು ಬದಲಾದರೆ ಪಾತ್ರಗಳು ನಿಮ್ಮ ಮನೆಯವರನ್ನು ಬಿಟ್ಟು ತಮ್ಮ ಪಾಡಿಗೆ ಮಾತಾಡತೊಡಗುತ್ತವೆ. ನಡೆದದ್ದಕ್ಕೆ ನಿಷ್ಠರಾಗಿರಬೇಕೆಂಬ ಒತ್ತಾಯವೂ ಸಡಿಲವಾಗುತ್ತದೆ, ಮತ್ತು ಬಹಳ ಸಲ ಗಂಟು ಬಿಗಿಯಾಗಿರುವುದು ಆ ಒತ್ತಾಯದಿಂದಲೇ.

ಎಷ್ಟು ಹೊತ್ತು, ಯಾವಾಗ

‘ಸ್ಫೂರ್ತಿ ಬರುವವರೆಗೆ ಕಾಯಲೇ’ ಎಂದಿರಿ. ರಾಬರ್ಟ್ ಬಾಯ್ಸ್ ಎಂಬ ಮನೋವಿಜ್ಞಾನಿ 1983ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ಬರೆಯಲಾಗದೆ ಒದ್ದಾಡುತ್ತಿದ್ದ ಅಧ್ಯಾಪಕರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ತುರ್ತಿಲ್ಲದೆ ಬರೆಯುವಂತಿರಲಿಲ್ಲ. ಇನ್ನೊಂದು ಮನಸ್ಸು ಬಂದಾಗ ಬರೆಯಬಹುದಿತ್ತು. ಮೂರನೆಯದು ಮನಸ್ಸಿರಲಿ ಬಿಡಲಿ ನಿಗದಿಯಾದ ಹೊತ್ತಿಗೆ ಬರೆಯಲೇಬೇಕಿತ್ತು. ಮೂರನೆಯ ಗುಂಪು ಹೆಚ್ಚು ಪುಟ ಬರೆಯಿತು ಎಂಬುದರಲ್ಲಿ ಆಶ್ಚರ್ಯವಿಲ್ಲ. ಹೊಸ ಹೊಳಹುಗಳೂ ಅವರಿಗೇ ಹೆಚ್ಚು ಬಂದವು, ಸುಮಾರು ದಿನಕ್ಕೊಂದರಂತೆ. ಮನಸ್ಸು ಬಂದಾಗ ಬರೆದವರಿಗೆ ಎರಡು ದಿನಕ್ಕೊಂದು, ಬರೆಯದೆ ಇದ್ದವರಿಗೆ ಐದು ದಿನಕ್ಕೊಂದು. ಕಾಯುವುದರಿಂದ ಸ್ಫೂರ್ತಿ ಕೂಡಿಬರುತ್ತದೆ ಎಂಬ ನಂಬಿಕೆಗೆ ಇದು ನೇರ ಉತ್ತರ. ಒಂದು ಸಮಸ್ಯೆಯ ಮೇಲೆ ಗಟ್ಟಿಯಾಗಿ ಕೆಲಸ ಮಾಡಿ, ಒಂದೆರಡು ದಿನ ಬಿಟ್ಟರೆ ಹೊಳೆಯುವುದುಂಟು. ಆದರೆ ಕೆಲಸವೇ ಆಗದೆ ಕಳೆದ ಎಂಟು ತಿಂಗಳನ್ನು ಆ ಲೆಕ್ಕಕ್ಕೆ ಸೇರಿಸಲಾಗದು.

ನಿಮಗೆ ನನ್ನ ಅಳತೆ ಇಷ್ಟು. ಮೊದಲ ವಾರ ದಿನಕ್ಕೆ ಹತ್ತು ನಿಮಿಷ, ಐದು ದಿನ. ಎರಡನೆಯ ವಾರ ಹದಿನೈದು. ಮೂರನೆಯ ವಾರದಿಂದ ಇಪ್ಪತ್ತೈದು. ಆರು ವಾರ ಮುಗಿಯುವವರೆಗೆ ಅದಕ್ಕಿಂತ ಹೆಚ್ಚಿಸಬೇಡಿ. ಟೈಮರ್ ಹೊಡೆದಾಗ ನಿಲ್ಲಿಸಿ, ಚೆನ್ನಾಗಿ ಬರುತ್ತಿದ್ದರೂ ನಿಲ್ಲಿಸಿ. ಎಲ್ಲರೂ ಮೀರುವ ನಿಯಮ ಇದೇ, ಹೆಚ್ಚು ಹಾನಿ ಆಗುವುದೂ ಇದನ್ನು ಮೀರಿದಾಗಲೇ. ನಾಲ್ಕನೆಯ ದಿನ ಹುರುಪು ಬಂದು ಮೂರು ಗಂಟೆ ಬರೆಯುತ್ತಾರೆ. ಮರುದಿನ ಹತ್ತು ನಿಮಿಷ ಬರೆಯುವುದು ತೀರಾ ಅಲ್ಪವಾಗಿ ಕಾಣುತ್ತದೆ, ಮೂರು ಗಂಟೆಗೆ ಬಿಡುವಿಲ್ಲ, ಹಾಗಾಗಿ ಅಂದು ಬಿಡುತ್ತಾರೆ, ಮಾರನೆಯ ದಿನವೂ ಬಿಡುತ್ತಾರೆ. ವಾರದೊಳಗೆ ಮೊದಲಿನ ಜಾಗಕ್ಕೇ ಬಂದಿರುತ್ತಾರೆ. ನಿಲ್ಲಿಸುವ ಮುಂಚೆ ಮುಂದಿನ ವಾಕ್ಯ ಏನೆಂದು ಗೊತ್ತಿದ್ದರೆ ಅದನ್ನು ಪೂರ್ತಿ ಮಾಡದೆ, ಎರಡು ಪದದ ಸುಳಿವು ಬರೆದಿಡಿ. ಮರುದಿನ ಅಲ್ಲಿಂದಲೇ ಎತ್ತಿಕೊಳ್ಳಿ.

ಲೆಕ್ಕ ಹಾಕಿದರೆ ಇದು ಅಲ್ಪವಲ್ಲ. ಇಪ್ಪತ್ತೈದು ನಿಮಿಷಕ್ಕೆ 150 ಪದ ಎಂದುಕೊಂಡರೂ ವಾರಕ್ಕೆ ಐದು ದಿನದಂತೆ 750 ಪದವಾಯಿತು. ಮೂರು ಸಾವಿರ ಪದದ ಅಧ್ಯಾಯಕ್ಕೆ ನಾಲ್ಕು ವಾರ. ಎಂಟು ತಿಂಗಳಲ್ಲಿ ಹೀಗೆ ಎಂಟು ಅಧ್ಯಾಯ ಆಗಬಹುದಿತ್ತು ಎಂದು ಕೊರಗಲು ಈ ಲೆಕ್ಕ ಹೇಳುತ್ತಿಲ್ಲ. ಚಿಕ್ಕ ಅಳತೆಯನ್ನು ನಂಬಿ ಎಂಬುದಕ್ಕೆ ಹೇಳುತ್ತಿದ್ದೇನೆ.

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರೊಲೊಪ್ ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದರು ಎಂಬುದನ್ನು ಬರವಣಿಗೆಯ ಪಾಠಗಳಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ನಿಂತುಹೋದ ಕೈಗೆ ಆ ಸಂಖ್ಯೆ ಬೇಡ. ಅದು ಓಡುತ್ತಿದ್ದವರ ವೇಗ. ಅವರಿಂದ ತೆಗೆದುಕೊಳ್ಳಬೇಕಾದದ್ದು ಇನ್ನೊಂದಿದೆ. ಹಿಂದಿನ ದಿನ ಬರೆದದ್ದನ್ನು ಓದಿಯೇ ಅವರು ಅಂದಿನ ಕೆಲಸ ಶುರು ಮಾಡುತ್ತಿದ್ದರು. ನಿಮಗೂ ಅಷ್ಟೇ ಓದು ಸಾಕು: ನಿನ್ನೆಯ ಕೊನೆಯ ಪ್ಯಾರಾ. ಅದಕ್ಕಿಂತ ಹಿಂದೆ ಹೋಗಬೇಡಿ.

ಇನ್ನು ಯಾವಾಗ ಎಂಬುದು. ದಿನವಿಡೀ ದುಡಿದು ಬಂದ ರಾತ್ರಿ, ಅತ್ಯಂತ ಕಷ್ಟದ ದೃಶ್ಯಕ್ಕೆ ಅತ್ಯಂತ ದಣಿದ ತಲೆಯನ್ನು ಕೊಡುತ್ತಿದ್ದೀರಿ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚಿನ ಹತ್ತು ನಿಮಿಷವೋ ಮಧ್ಯಾಹ್ನದ ಬಿಡುವೋ ಸಿಗುತ್ತದೆಯೇ ನೋಡಿ. ಸಿಗದಿದ್ದರೆ ರಾತ್ರಿಯೇ ಇರಲಿ, ಆದರೆ ರಾತ್ರಿಗೆ ಕೈಕೆಲಸ ಇಟ್ಟುಕೊಳ್ಳಿ: ಕಂಸಗಳಲ್ಲಿ ಒಂದನ್ನು ತುಂಬುವುದು, ಕೈಬರಹ ಟೈಪ್ ಮಾಡುವುದು, ನಾಳಿನ ಪ್ರಶ್ನೆ ಬರೆದಿಡುವುದು. ಹೊತ್ತನ್ನು ಗಡಿಯಾರಕ್ಕೆ ಕಟ್ಟುವುದಕ್ಕಿಂತ ನೀವು ಹೇಗೂ ಮಾಡುವ ಕೆಲಸಕ್ಕೆ ಕಟ್ಟಿ. ‘ಬೆಳಗಿನ ಕಾಫಿ ಲೋಟ ಕೆಳಗಿಟ್ಟ ಕೂಡಲೇ, ಊಟದ ಮೇಜಿನ ಮೇಲೆ ನೋಟ್‌ಬುಕ್ ತೆಗೆದು, ನಿನ್ನೆಯ ಕೊನೆಯ ಪ್ಯಾರಾ ಓದುತ್ತೇನೆ.’ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಝರ್ ಅವರ ಸಂಶೋಧನೆಗಳು ತೋರಿಸಿರುವಂತೆ, ಯಾವಾಗ, ಎಲ್ಲಿ, ಏನು ಎಂದು ಹೀಗೆ ಮುಂಚೆಯೇ ಗೊತ್ತು ಮಾಡಿಕೊಂಡವರು ‘ಈ ವಾರ ಬರೆಯಬೇಕು’ ಎಂದಷ್ಟೇ ಅಂದುಕೊಂಡವರಿಗಿಂತ ಕೆಲಸ ಮುಗಿಸುವುದು ಹೆಚ್ಚು. ಫೋನು ಬೇರೆ ಕೋಣೆಯಲ್ಲಿರಲಿ.

ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಮಾಡಬೇಡಿ. ಬಾಕಿ ತೀರಿಸುವ ಭಾವ ಬಂದ ಕೂಡಲೇ ಬರವಣಿಗೆ ದಂಡವಾಗುತ್ತದೆ. ದಿನಕ್ಕೊಂದು ಸಾಲಿನ ದಾಖಲೆ ಇಡಿ: ತಾರೀಖು, ಎಷ್ಟು ನಿಮಿಷ, ಯಾವ ದೃಶ್ಯ. ಚೆನ್ನಾಗಿ ಬಂತೋ ಇಲ್ಲವೋ ಎಂಬ ಅಂಕಣ ಬೇಡ. ಬರೆದ ದಿನದ ಅಭಿಪ್ರಾಯವನ್ನು ನಂಬಲಾಗುವುದಿಲ್ಲ. ಕೊರಗುತ್ತ ಬರೆದ ಪುಟವೂ ಹಾರುತ್ತ ಬರೆದ ಪುಟವೂ ತಿಂಗಳ ನಂತರ ಪಕ್ಕಪಕ್ಕ ಇಟ್ಟರೆ ಬಹುತೇಕ ಒಂದೇ ಥರ ಇರುತ್ತವೆ.

ಆಸೆಯ ಬಗ್ಗೆ

ನಿಮ್ಮ ಕಥೆಗಳು ಪ್ರಕಟವಾಗಿವೆ ಎಂದಿರಿ. ಆ ಮೇಲೆ ಬರೆಯುವ ಕಾರಣ ನಿಮಗೇ ಗೊತ್ತಾಗದಂತೆ ಬದಲಾಗಿದೆಯೇ ನೋಡಿಕೊಳ್ಳಿ. ಮನೋವಿಜ್ಞಾನಿ ಟೆರೆಸಾ ಅಮಬಿಲೆ 1985ರಲ್ಲಿ 72 ಮಂದಿ ಬರಹಗಾರರಿಂದ ಪುಟ್ಟ ಕವಿತೆಗಳನ್ನು ಬರೆಸಿದರು. ನಡುವೆ ಒಂದು ಗುಂಪಿಗೆ ಹೆಸರು, ಹಣ, ಮೆಚ್ಚುಗೆಯಂಥ ಕಾರಣಗಳ ಪಟ್ಟಿ ಕೊಟ್ಟು ಅವನ್ನು ಕ್ರಮವಾಗಿ ಜೋಡಿಸಲು ಹೇಳಿದರು, ಇನ್ನೊಂದು ಗುಂಪಿಗೆ ಬರೆಯುವುದರಲ್ಲೇ ಇರುವ ಸಂತೋಷದ ಕಾರಣಗಳನ್ನು ಕೊಟ್ಟರು. ಹೊರಗಿನ ಕಾರಣಗಳ ಬಗ್ಗೆ ಕೆಲವೇ ನಿಮಿಷ ಯೋಚಿಸಿದವರ ಮುಂದಿನ ಕವಿತೆ ತೀರ್ಪುಗಾರರಿಗೆ ಸಪ್ಪೆ ಎನ್ನಿಸಿತು. ಕೆಲವು ನಿಮಿಷಕ್ಕೇ ಇಷ್ಟಾದರೆ, ‘ಇದನ್ನು ಯಾರು ಪ್ರಕಟಿಸುತ್ತಾರೆ, ವಿಮರ್ಶಕರು ಏನೆನ್ನುತ್ತಾರೆ’ ಎಂದು ತಿಂಗಳುಗಟ್ಟಲೆ ಯೋಚಿಸುತ್ತ ಕೂತರೆ ಏನಾದೀತು?

ಅದಕ್ಕೆ ವಾರದಲ್ಲಿ ಒಂದು ದಿನದ ಹೊತ್ತನ್ನು ಎಲ್ಲೂ ಕಳಿಸಲಾರದ ಬರಹಕ್ಕೆ ಇಡಿ. ಅಪ್ಪನ ಪಾತ್ರ ತನ್ನ ಮಕ್ಕಳಿಗೆ ಬರೆದು ಕಳಿಸದ ಪತ್ರ, ಬೀರುವಿನೊಳಗಿನ ವಸ್ತುಗಳ ಪಟ್ಟಿ, ಪಕ್ಕದ ಮನೆಯವರ ಕಣ್ಣಲ್ಲಿ ಆ ಜಗಳ. ಇದು ಆಟ, ಆಟವಾಗಿಯೇ ಇರಲಿ. ಇದರಿಂದ ಕಾದಂಬರಿಗೆ ಏನಾದರೂ ಸಿಕ್ಕರೆ ತೆಗೆದುಕೊಳ್ಳಿ, ಅದಕ್ಕೋಸ್ಕರ ಬರೆಯಬೇಡಿ.

ಬೇರೆಯವರ ಪುಸ್ತಕ ಓದಿ ಕುಗ್ಗುವುದಕ್ಕೆ ಓದು ಬಿಡುವುದು ಪರಿಹಾರವಲ್ಲ, ಆದರೆ ನಿಮ್ಮ ಕಾದಂಬರಿಯನ್ನು ಹೋಲುವ ಕಾದಂಬರಿಗಳನ್ನು ಈ ಆರು ವಾರ ಬದಿಗಿಡಿ. ನೀವು ಅವರ ಹತ್ತನೆಯ ಕರಡನ್ನು ನಿಮ್ಮ ಮೊದಲ ಕರಡಿನ ಪಕ್ಕ ಇಡುತ್ತಿದ್ದೀರಿ. ಬದಲಿಗೆ ಮೆಚ್ಚಿದ ಒಂದು ಪ್ಯಾರಾವನ್ನು ಕೈಯಲ್ಲಿ ನಕಲು ಮಾಡಿ ನೋಡಿ. ಕಣ್ಣಲ್ಲಿ ಓದುವಾಗ ಪವಾಡದಂತೆ ಕಂಡದ್ದು ಕೈಯಲ್ಲಿ ಬರೆಯುವಾಗ ಕಸುಬಿನಂತೆ ಕಾಣತೊಡಗುತ್ತದೆ: ಇಲ್ಲಿ ಒಂದು ಚಿಕ್ಕ ವಾಕ್ಯ, ಇಲ್ಲಿ ಕ್ರಿಯಾಪದವನ್ನು ಬಿಟ್ಟಿದ್ದಾರೆ, ಇಲ್ಲಿ ಹೇಳಬೇಕಾದದ್ದನ್ನು ಹೇಳದೆ ಪಾತ್ರದ ಕೈಯನ್ನು ತೋರಿಸಿದ್ದಾರೆ.

ಈ ಆರು ವಾರ ಕಾದಂಬರಿಯ ಬಗ್ಗೆ ಯಾರಲ್ಲೂ ಹೇಳಿಕೊಳ್ಳಬೇಡಿ. ಕಥೆಯನ್ನು ಬಾಯಲ್ಲಿ ಚೆನ್ನಾಗಿ ಹೇಳಿ ಮುಗಿಸಿದರೆ ಬರೆಯುವ ಒತ್ತಡ ಅಲ್ಲೇ ಇಳಿದುಹೋಗುತ್ತದೆ. ಹೊಸ ಸಾಫ್ಟ್‌ವೇರ್, ಹೊಸ ನೋಟ್‌ಬುಕ್, ಬರವಣಿಗೆಯ ಬಗ್ಗೆ ವಿಡಿಯೊ ನೋಡುವುದು, ಇವೆಲ್ಲ ಬರೆಯುತ್ತಿದ್ದೇನೆ ಎಂಬ ತೃಪ್ತಿ ಕೊಟ್ಟು ಬರೆಯುವುದನ್ನು ಮುಂದೂಡುತ್ತವೆ. ಚಾಟ್‌ಬಾಟ್‌ಗೆ ಆ ದೃಶ್ಯ ಬರೆದುಕೊಡು ಎಂದರೆ ಬರೆದುಕೊಡುತ್ತದೆ. ಆದರೆ ಅಕ್ಕನಿಗೆ ಏನು ಬೇಕು ಎಂಬ ತೀರ್ಮಾನ ಆಗಲೂ ನಿಮ್ಮದಾಗಿರುವುದಿಲ್ಲ, ಎಂಟನೆಯ ಅಧ್ಯಾಯದಲ್ಲಿ ಅದೇ ಗಂಟು ಮತ್ತೆ ಎದುರಾಗುತ್ತದೆ.

ಒಂದು ಮಾತು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಬರೆಯುವುದರಲ್ಲಷ್ಟೇ ಅಲ್ಲ, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಅಥವಾ ಊಟ ಏರುಪೇರಾಗಿದೆ, ಎಲ್ಲದಕ್ಕೂ ತನ್ನನ್ನೇ ಹಳಿದುಕೊಳ್ಳುವಂತಾಗಿದೆ, ಇದು ಎರಡು ವಾರಕ್ಕಿಂತ ಹೆಚ್ಚು ಕಾಲ ಬಹುಪಾಲು ದಿನ ಹೀಗೇ ಇದೆ ಎಂದಾದರೆ, ಅದು ಬರವಣಿಗೆಯ ತಡೆಯಲ್ಲ, ಖಿನ್ನತೆ ಇರಬಹುದು. ಮೇಲಿನ ಯಾವ ಕ್ರಮವೂ ಅದಕ್ಕೆ ಸಾಲದು. ತಡಮಾಡದೆ ವೈದ್ಯರನ್ನು ಕಾಣಿ. ಬದುಕೇ ಬೇಡ ಎಂಬ ಯೋಚನೆ ಸುಳಿದರೆ ಅದೇ ದಿನ ಹತ್ತಿರದವರಿಗೂ ವೈದ್ಯರಿಗೂ ಹೇಳಿ. ಹೊಸದಾಗಿ ಯಾವುದಾದರೂ ಔಷಧಿ ಶುರುವಾದ ಮೇಲೆ ಮಂಕು ಕವಿದಂತಾಗಿದ್ದರೆ ಅದನ್ನೂ ಅವರಿಗೆ ತಿಳಿಸಿ, ನೀವಾಗಿ ನಿಲ್ಲಿಸಬೇಡಿ.

ಕೈಬಿಡಬಹುದಾದದ್ದು ಯಾವಾಗ

ಆರು ವಾರದ ನಂತರ ಈ ಪ್ರಶ್ನೆಯನ್ನು ತೆಗೆಯಿರಿ. ಆಗ ನಿಮ್ಮ ಕೈಯಲ್ಲಿ ದಾಖಲೆ ಇರುತ್ತದೆ, ಬೇಸರದ ರಾತ್ರಿಯ ಅಭಿಪ್ರಾಯವನ್ನೇ ನೆಚ್ಚಿಕೊಳ್ಳಬೇಕಿಲ್ಲ. ಆ ಮೂವತ್ತು ದಿನಗಳಲ್ಲಿ ಇಪ್ಪತ್ತು ದಿನವಾದರೂ ಕೂತಿದ್ದರೆ, ಮತ್ತು ಬರೆಯದ ಹೊತ್ತಿನಲ್ಲೂ ಅಕ್ಕ ತಮ್ಮ ಆಗಾಗ ತಲೆಗೆ ಬರುತ್ತಿದ್ದರೆ, ಕಾದಂಬರಿಗೆ ಜೀವವಿದೆ, ಮುಂದುವರಿಸಿ. ಕೂತಿದ್ದೀರಿ, ಪುಟಗಳೂ ಆಗಿವೆ, ಆದರೆ ಆಟದ ದಿನದ ಬರಹ ಮಾತ್ರ ಎಳೆಯುತ್ತದೆ, ಏಳನೆಯ ಅಧ್ಯಾಯ ಯಾರದೋ ಕೆಲಸದಂತಿದೆ ಎಂದಾದರೆ ಬಿಡಬಹುದು. ಕೂತೇ ಇಲ್ಲವೆಂದರೆ ತೀರ್ಮಾನಕ್ಕೆ ಆಧಾರವಿಲ್ಲ. ಹತ್ತು ನಿಮಿಷವನ್ನು ಐದಕ್ಕೆ ಇಳಿಸಿ, ಹೊತ್ತು ಬದಲಿಸಿ, ಇನ್ನೊಮ್ಮೆ ಶುರು ಮಾಡಿ.

ಬಿಡುವುದಾದರೆ ಸುಮ್ಮನೆ ಬಿಟ್ಟುಬಿಡಬೇಡಿ. ಅರ್ಧಕ್ಕೆ ನಿಂತ ಫೈಲು ಹೊಸದನ್ನು ಬರೆಯಲೂ ಬಿಡದೆ ಕಾಡುತ್ತದೆ. ಒಂದು ಪುಟದಲ್ಲಿ ಈ ಕಾದಂಬರಿಯಲ್ಲಿ ಇರುವುದೇನು, ಎಲ್ಲಿ ನಿಂತಿತು, ಏಕೆ ಬಿಡುತ್ತಿದ್ದೇನೆ ಎಂದು ಬರೆದು, ತಾರೀಖು ಹಾಕಿ, ಅದೇ ಫೋಲ್ಡರಿನಲ್ಲಿಡಿ. ಆಮೇಲೆ ಆರು ಅಧ್ಯಾಯಗಳಿಂದ ಬೇರೆಡೆ ಬಳಸಬಹುದಾದದ್ದನ್ನು ಹೆಕ್ಕಿಕೊಳ್ಳಿ. ನೀವು ಸಣ್ಣಕಥೆಯ ಕೈಯವರು. ಅಪ್ಪ ಹೋದ ಮೇಲೆ ಬೀರುವಿನ ಕೀಲಿ ಹುಡುಕುತ್ತ ಇಬ್ಬರು ಒಂದು ಕೋಣೆಯಲ್ಲಿ ಕಳೆಯುವ ಮಧ್ಯಾಹ್ನಕ್ಕೆ ಎರಡು ಸಾವಿರ ಪದ ಧಾರಾಳವಾಗಿ ಸಾಕು. ಆದರೆ ಹಳೆಯ ಫೈಲಿನಿಂದ ನಕಲು ಮಾಡಿ ಅಂಟಿಸಬೇಡಿ. ಹಿಂದಿನ ಆರು ಅಧ್ಯಾಯ ಗೊತ್ತಿಲ್ಲದವರು ಓದುತ್ತಾರೆ ಎಂದುಕೊಂಡು, ಖಾಲಿ ಹಾಳೆಯಲ್ಲಿ ಬೇರೆಯೇ ಮೊದಲ ವಾಕ್ಯದಿಂದ ಶುರು ಮಾಡಿ.